ಬಾವುಟ ಹಿಡಿದವರಿಗೆ ಓಟಿಲ್ಲ: ಖರ್ಗೆ, ತರೂರ್ ಮತ್ತು ನಮ್ಮೂರ ಕಾರ್ಯಕರ್ತ

2022ರ ಸೆಪ್ಟೆಂಬರ್ 30, ಶುಕ್ರವಾರ. ಗೂಡಲೂರು ಕಡೆಯಿಂದ ಬಂದ ರಾಹುಲ್ ಗಾಂಧಿಯವರ ಭಾರತ್ ಜೋಡೋ ಯಾತ್ರೆ ಅವತ್ತು ಗುಂಡ್ಲುಪೇಟೆಯ ಮೂಲಕ ಕರ್ನಾಟಕಕ್ಕೆ ಕಾಲಿಟ್ಟಿತು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರೂ ಇದ್ದರು. ನಮ್ಮ ಹರವೆ ಕಡೆಯಿಂದಲೂ ಜನ ಗಾಡಿ ಮಾಡಿಕೊಂಡು ಹೋಗಿದ್ದರು. ಚಾಮರಾಜನಗರದ ಆಸ್ಪತ್ರೆಯಲ್ಲಿ 2021ರ ಮೇ ತಿಂಗಳಲ್ಲಿ ಆಮ್ಲಜನಕವಿಲ್ಲದೆ ತಮ್ಮವರನ್ನು ಕಳೆದುಕೊಂಡ ಕುಟುಂಬಗಳನ್ನು ರಾಹುಲ್ ಭೇಟಿ ಮಾಡಿದರು. ಟಿ.ವಿ.ಯವರು ಅದನ್ನೆಲ್ಲ ತೋರಿಸಿದರು.

ಅದೇ ದಿನ ದೆಹಲಿಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಸಲ್ಲಿಸಲು ಅವತ್ತೇ ಕೊನೆಯ ದಿನ. ಹಿಂದಿನ ವಾರದವರೆಗೂ ಅಶೋಕ್ ಗೆಹ್ಲೋಟ್ ಎನ್ನುತ್ತಿದ್ದರು. ರಾಜಸ್ಥಾನದ ಶಾಸಕರು ತಿರುಗಿಬಿದ್ದ ಮೇಲೆ ಅವರು ಹಿಂದೆ ಸರಿದರು. ಆಮೇಲೆ ದಿಗ್ವಿಜಯ್ ಸಿಂಗ್ ಹೆಸರು ಬಂತು, ಅವರೂ ಬಿಟ್ಟರು. ಕೊನೆಗೆ ಮಲ್ಲಿಕಾರ್ಜುನ ಖರ್ಗೆ, ಶಶಿ ತರೂರ್ ಮತ್ತು ಜಾರ್ಖಂಡ್‌ನ ಕೆ.ಎನ್. ತ್ರಿಪಾಠಿ ನಾಮಪತ್ರ ಹಾಕಿದರು. ತ್ರಿಪಾಠಿಯವರದು ಪರಿಶೀಲನೆಯಲ್ಲಿ ತಿರಸ್ಕೃತವಾಯಿತು. ಉಳಿದವರು ಇಬ್ಬರು. ಅಕ್ಟೋಬರ್ 17ರ ಸೋಮವಾರ ಮತದಾನ ಎಂದು ನಿಗದಿಯಾಗಿತ್ತು. 19ಕ್ಕೆ ಎಣಿಕೆ.

ಗುಂಡ್ಲುಪೇಟೆಯಲ್ಲಿ ಬಾವುಟ ಹಿಡಿದು ನಿಂತಿದ್ದ ನಮ್ಮ ಕಡೆಯ ಹಿರಿಯ ಕಾರ್ಯಕರ್ತರೊಬ್ಬರನ್ನು ಮೊನ್ನೆ ಟೀ ಅಂಗಡಿಯಲ್ಲಿ ಕೇಳಿದೆ, ‘ಇಬ್ಬರಲ್ಲಿ ಯಾರು ಆಗಬೇಕು ದೊಡ್ಡಪ್ಪ?’ ಅವರು ಲೋಟ ಕೆಳಗಿಟ್ಟು ಹೇಳಿದರು: ‘ಬಾವುಟ ಹಿಡ್ಯಕ್ಕ ನಾವು, ಓಟು ಹಾಕಕ್ಕ ಅವ್ರು. ನಮ್ನ ಯಾರ್ ಕೇಳರು ಮಗ?’

ಈ ಚುನಾವಣೆಯ ಬಗ್ಗೆ ನಾನು ಓದಿದ ಹತ್ತಾರು ಲೇಖನಗಳಲ್ಲಿ ಇಷ್ಟು ನೇರವಾದ ಮಾತು ಸಿಕ್ಕಿರಲಿಲ್ಲ. ಹಾಗಾಗಿ ಇಬ್ಬರು ಅಭ್ಯರ್ಥಿಗಳನ್ನೂ ಆ ಹಿರಿಯರ ಪ್ರಶ್ನೆಯ ತಕ್ಕಡಿಯಲ್ಲೇ ಇಟ್ಟು ತೂಗೋಣ ಅನಿಸಿತು. ಯಾರು ದೊಡ್ಡವರು, ಯಾರ ಇಂಗ್ಲಿಷ್ ಚೆಂದ ಅನ್ನುವುದು ಬೇರೆ ಮಾತು. ಬಾವುಟ ಹಿಡಿದವರ ಕೈಗೆ ಓಟು ತರುವವರು ಇಬ್ಬರಲ್ಲಿ ಯಾರು?

ಮೊದಲು ಖರ್ಗೆಯವರು. 1942ರಲ್ಲಿ ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದವರು. ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿದ್ದು ತಾಯಿಯನ್ನು ಕಳೆದುಕೊಂಡರು. ತಂದೆ ಮಗ ಇಬ್ಬರೂ ಕಲಬುರಗಿ ಸೇರಿದರು. ಕಾನೂನು ಓದಿ ಎಂ.ಎಸ್.ಕೆ. ಮಿಲ್ ಕಾರ್ಮಿಕ ಸಂಘಕ್ಕೆ ಸಲಹೆಗಾರರಾದರು. 1969ರಲ್ಲಿ ಕಾಂಗ್ರೆಸ್ ಸೇರಿ ಗುಲ್ಬರ್ಗ ನಗರ ಘಟಕದ ಅಧ್ಯಕ್ಷರಾದರು. 1972ರಲ್ಲಿ ಗುರುಮಠಕಲ್‌ನಿಂದ ಶಾಸಕ. ಅಲ್ಲಿಂದ 2008ರವರೆಗೆ ಸತತ ಒಂಬತ್ತು ಬಾರಿ ವಿಧಾನಸಭೆ, ಆಮೇಲೆ ಎರಡು ಬಾರಿ ಲೋಕಸಭೆ. ‘ಸೋಲಿಲ್ಲದ ಸರದಾರ’ ಎಂದು ಪತ್ರಿಕೆಗಳು ಬರೆದೂ ಬರೆದೂ ಆ ಬಿರುದು ಅವರ ಹೆಸರಿಗೇ ಅಂಟಿಕೊಂಡಿತ್ತು. 2019ರಲ್ಲಿ ಉಮೇಶ್ ಜಾಧವ್ ಎದುರು ಸೋತು ಅದು ಕಳಚಿತು.

ಅವರ ಪರವಾಗಿ ಹೇಳಬಹುದಾದ ಮಾತು ಸಣ್ಣದಲ್ಲ. ನಗರ ಘಟಕದ ಅಧ್ಯಕ್ಷರಾಗಿ ಶುರು ಮಾಡಿ ಕೆಪಿಸಿಸಿ ಅಧ್ಯಕ್ಷ, ರಾಜ್ಯ ಮಂತ್ರಿ, ಕೇಂದ್ರದಲ್ಲಿ ಕಾರ್ಮಿಕ ಮತ್ತು ರೈಲ್ವೆ ಮಂತ್ರಿ, ಲೋಕಸಭೆಯಲ್ಲಿ ಪಕ್ಷದ ನಾಯಕ, ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದವರು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು. 1999, 2004, 2013, ಮೂರು ಸಲವೂ ಮುಖ್ಯಮಂತ್ರಿ ಕುರ್ಚಿ ಹತ್ತಿರ ಬಂದು ಎಸ್.ಎಂ. ಕೃಷ್ಣ, ಧರ್ಮಸಿಂಗ್, ಸಿದ್ದರಾಮಯ್ಯನವರ ಪಾಲಾಯಿತು. ಖರ್ಗೆ ಪಕ್ಷ ಬಿಡಲಿಲ್ಲ, ಶಾಸಕರನ್ನು ರೆಸಾರ್ಟಿಗೆ ಕರೆದುಕೊಂಡು ಹೋಗಲಿಲ್ಲ. ನಾಮಪತ್ರ ಹಾಕಿದ ಮರುದಿನವೇ ರಾಜ್ಯಸಭೆಯ ಹುದ್ದೆಗೆ ರಾಜೀನಾಮೆ ಕೊಟ್ಟರು. ‘ಒಬ್ಬರಿಗೆ ಒಂದೇ ಹುದ್ದೆ’ ಎಂದು ಮೇ ತಿಂಗಳಲ್ಲಿ ಉದಯಪುರದಲ್ಲಿ ಪಕ್ಷವೇ ಮಾಡಿಕೊಂಡ ನಿಯಮವನ್ನು ಪಾಲಿಸಿದರು.

ಅವರ ವಿರುದ್ಧದ ಮಾತೂ ಸಣ್ಣದಲ್ಲ. 2022ರಲ್ಲಿ ವಯಸ್ಸು 80. ಅದೇ ಉದಯಪುರದ ನಿರ್ಣಯ ಪಕ್ಷದ ಅರ್ಧ ಹುದ್ದೆಗಳು 50 ವರ್ಷದೊಳಗಿನವರಿಗೆ ಎನ್ನುತ್ತದೆ. ಮಗ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕ, ಹಾಗಾಗಿ ಕುಟುಂಬ ರಾಜಕಾರಣದ ಟೀಕೆಯಿಂದ ಅವರೂ ಹೊರತಲ್ಲ. ಎಲ್ಲಕ್ಕಿಂತ ದೊಡ್ಡದು, ಅವರು ಕಣಕ್ಕಿಳಿದ ರೀತಿ. ಗೆಹ್ಲೋಟ್ ಇಲ್ಲ, ದಿಗ್ವಿಜಯ್ ಇಲ್ಲ ಅಂದ ಮೇಲೆ ಕೊನೆಯ ಗಳಿಗೆಯಲ್ಲಿ ಬಂದ ಹೆಸರು ಅದು. ಸೋನಿಯಾ ಗಾಂಧಿಯವರು ತಾವು ತಟಸ್ಥ ಎಂದಿದ್ದಾರೆ. ಆದರೆ ಅವತ್ತು ಖರ್ಗೆಯವರ ಹಿಂದೆ ಸೂಚಕರಾಗಿ ನಿಂತವರ ಸಾಲನ್ನು ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ. 2020ರಲ್ಲಿ ಪೂರ್ಣಾವಧಿ ಅಧ್ಯಕ್ಷರು ಬೇಕೆಂದು ಪತ್ರ ಬರೆದ 23 ಜನರ ಪೈಕಿ ಆನಂದ್ ಶರ್ಮಾ, ಭೂಪಿಂದರ್ ಹೂಡಾ, ಮನೀಶ್ ತಿವಾರಿ, ಪೃಥ್ವಿರಾಜ್ ಚವಾಣ್ ಕೂಡ ಆ ಸಾಲಿನಲ್ಲಿದ್ದರು. ಗಾಂಧಿ ಕುಟುಂಬದ ಸಲಹೆ ಪಡೆಯಲು ತಮಗೆ ಸಂಕೋಚವಿಲ್ಲ ಎಂದು ಖರ್ಗೆಯವರೇ ಹೇಳಿದ್ದಾರೆ. ಪ್ರಾಮಾಣಿಕ ಮಾತು. ಆದರೆ ಸಲಹೆ ಎಲ್ಲಿ ಮುಗಿದು ಅಪ್ಪಣೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅವರು ಹೇಳಿಲ್ಲ.

ಇನ್ನು ತರೂರ್. 1956ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ದೆಹಲಿಯಲ್ಲೂ ಅಮೆರಿಕದಲ್ಲೂ ಓದಿ, 1978ರಿಂದ ಸುಮಾರು 29 ವರ್ಷ ವಿಶ್ವಸಂಸ್ಥೆಯಲ್ಲಿ ಇದ್ದವರು. 2006ರಲ್ಲಿ ಅದರ ಮಹಾಕಾರ್ಯದರ್ಶಿ ಸ್ಥಾನಕ್ಕೇ ಸ್ಪರ್ಧಿಸಿ ಬಾನ್ ಕಿ ಮೂನ್ ಎದುರು ಎರಡನೆಯವರಾದರು. 2009ರಲ್ಲಿ ಪಕ್ಷಕ್ಕೆ ಬಂದರು, ಬಂದವರೇ ತಿರುವನಂತಪುರದ ಟಿಕೆಟ್ ಪಡೆದರು. ಬ್ಲಾಕ್ ಅಧ್ಯಕ್ಷ, ಜಿಲ್ಲಾ ಅಧ್ಯಕ್ಷ ಎಂಬ ಮೆಟ್ಟಿಲುಗಳನ್ನು ಅವರು ಹತ್ತಿಲ್ಲ. ಐಪಿಎಲ್ ಕೊಚ್ಚಿ ತಂಡದ ವಿವಾದದಲ್ಲಿ 2010ರಲ್ಲಿ ಮಂತ್ರಿ ಸ್ಥಾನ ಬಿಡಬೇಕಾಯಿತು. ಈ ಸಲ ಅವರ ಪ್ರಣಾಳಿಕೆಯಲ್ಲೇ ಭಾರತದ ನಕ್ಷೆ ತಪ್ಪಾಗಿ ಅಚ್ಚಾಗಿ ಕ್ಷಮೆ ಕೇಳಬೇಕಾಯಿತು. ಇವರಿಗೂ ಹಳ್ಳಿಗೂ ಏನು ಸಂಬಂಧ ಎಂದು ಕೇಳುವವರ ಮಾತಿನಲ್ಲಿ ಅರ್ಥವಿದೆ.

ಆದರೆ ಇನ್ನೊಂದು ಬದಿಯನ್ನೂ ನೋಡಬೇಕು. 2014 ಮತ್ತು 2019ರಲ್ಲಿ ಕಾಂಗ್ರೆಸ್ಸಿನ ಘಟಾನುಘಟಿಗಳು ಮಣ್ಣು ಮುಕ್ಕಿದಾಗ ತರೂರ್ ತಮ್ಮ ಕ್ಷೇತ್ರ ಉಳಿಸಿಕೊಂಡರು. ಖರ್ಗೆಯವರು ಸೋತ ಚುನಾವಣೆಯಲ್ಲಿ ಇವರು ಗೆದ್ದರು. ಇಂಗ್ಲಿಷ್ ಮಾತನಾಡುವವರನ್ನು ಮತದಾರ ಒಪ್ಪುವುದಿಲ್ಲ ಎಂಬ ವಾದ ತಿರುವನಂತಪುರದಲ್ಲಂತೂ 2022ರ ಹೊತ್ತಿಗೆ ಮೂರು ಸಲ ಬಿದ್ದುಹೋಗಿತ್ತು. ಮತ್ತೆ, ಇಬ್ಬರಲ್ಲಿ ಗೆದ್ದರೆ ಏನು ಮಾಡುತ್ತೇನೆ ಎಂದು ಪ್ರಣಾಳಿಕೆಯಾಗಿ ಬರೆದು ಮತದಾರರ ಮುಂದೆ ಇಟ್ಟವರು ತರೂರ್. ಅಧಿಕಾರ ದೆಹಲಿಯಿಂದ ಕೆಳಗಿಳಿಯಬೇಕು, ರಾಜ್ಯ ಘಟಕಗಳಿಗೆ ನಿಜವಾದ ಅಧಿಕಾರ ಇರಬೇಕು, ತಳಮಟ್ಟದ ಕಾರ್ಯಕರ್ತನಿಗೆ ಬಲ ಬರಬೇಕು ಎನ್ನುವುದು ಅದರ ಸಾರ. ಟೀ ಅಂಗಡಿಯ ಹಿರಿಯರು ಹೇಳಿದ್ದೂ ಅದನ್ನೇ ಅಲ್ಲವೇ? ಅವರ ಮಾತು ಲಂಡನ್ನಿನಲ್ಲಿ ಹುಟ್ಟಿದವರ ಕಾಗದದಲ್ಲಿ ಇದೆ, ಕಲಬುರಗಿಯ ಕಾರ್ಮಿಕ ನಾಯಕರ ಭಾಷಣದಲ್ಲಿ ಅಷ್ಟು ಸ್ಪಷ್ಟವಾಗಿ ಇಲ್ಲ. ಇದು ನಮಗೆ ಮುಜುಗರ ತರಬೇಕಾದ ಸಂಗತಿ.

ಹಾಗಿದ್ದರೂ ನಮ್ಮ ಕಡೆ ಬಹಳ ಜನರ ಮಾತು ಒಂದೇ: ‘ಖರ್ಗೆ ನಮ್ಮವರು, ಕನ್ನಡಿಗರು.’ ನಿಜಲಿಂಗಪ್ಪನವರ ನಂತರ ಆ ಕುರ್ಚಿಗೆ ಕರ್ನಾಟಕದವರೊಬ್ಬರು ಹೋಗುವ ಹೊತ್ತು. ನನಗೂ ಆ ಹೆಮ್ಮೆ ಇದೆ. ಆದರೆ ‘ನಮ್ಮವರು’ ಎಂಬ ಕಾರಣಕ್ಕೆ ನಮಗೇನೋ ಸಿಗುತ್ತದೆ ಅಂದುಕೊಂಡರೆ ಒಮ್ಮೆ ಬಂಡೀಪುರದ ಕಡೆ ನೋಡಬೇಕು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ. 2009ರಲ್ಲಿ ಬಂದ ನಿಯಮ. ಕಾಡು ಉಳಿಯಬೇಕು ಎಂದು ನಮ್ಮಲ್ಲಿ ಹೋರಾಡುವವರಿದ್ದಾರೆ. ನಿಷೇಧ ತೆಗೆಯಿರಿ ಎಂದು ವಯನಾಡಿನಲ್ಲಿ ಉಪವಾಸ ಕೂತವರನ್ನು 2019ರ ಅಕ್ಟೋಬರಿನಲ್ಲಿ ಹೋಗಿ ಬೆಂಬಲಿಸಿದವರು ಅಲ್ಲಿನ ಆಗಿನ ಸಂಸದ ರಾಹುಲ್ ಗಾಂಧಿ. ಒಂದೇ ಪಕ್ಷ, ಗಡಿಯ ಆಚೆಗೊಂದು ಮಾತು, ಈಚೆಗೊಂದು ಮಾತು. ರಾಷ್ಟ್ರೀಯ ಅಧ್ಯಕ್ಷರಾದವರು ಖರ್ಗೆಯಾದರೂ ತರೂರ್ ಆದರೂ ಒಂದು ರಾಜ್ಯದ ವಕೀಲರಾಗಲು ಆಗುವುದಿಲ್ಲ, ಆಗಲೂ ಬಾರದು. ‘ನಮ್ಮವರು’ ಎಂಬ ಲೆಕ್ಕದಲ್ಲಿ ಓಟು ಕೇಳುವುದಾದರೆ ಕೇರಳದವರು ತರೂರ್‌ಗೆ ಕೊಡಬೇಕಿತ್ತು. ಅಲ್ಲಿನ ಪಕ್ಷದ ಆಗಿನ ಅಧ್ಯಕ್ಷ ಕೆ. ಸುಧಾಕರನ್ ಬಹಿರಂಗವಾಗಿ ಖರ್ಗೆಯವರ ಪರ ನಿಂತಿದ್ದರು.

ಜಾತಿಯ ಮಾತೂ ಹಾಗೆಯೇ. ದಾಮೋದರಂ ಸಂಜೀವಯ್ಯ, ಜಗಜೀವನರಾಂ ಅವರ ನಂತರ ದಲಿತ ಸಮುದಾಯದವರೊಬ್ಬರು ಕಾಂಗ್ರೆಸ್ ಅಧ್ಯಕ್ಷರಾಗುವುದು ದೊಡ್ಡ ಸಂಗತಿ. ಪರಿಶಿಷ್ಟ ಜಾತಿಗೆ ಮೀಸಲಾದ ಚಾಮರಾಜನಗರ ಲೋಕಸಭಾ ಕ್ಷೇತ್ರದ ನಮಗೆ ಅದರ ಬೆಲೆ ಗೊತ್ತು. ಪಕ್ಕದ ಬದನವಾಳು 1993ರಲ್ಲಿ ಏನು ಕಂಡಿತೆಂಬುದನ್ನೂ ನಾವು ಮರೆತಿಲ್ಲ. ಆದರೆ ತಾನು ದಲಿತ ನಾಯಕನೆಂದು ಓಟು ಕೇಳುತ್ತಿಲ್ಲ, ಕಾಂಗ್ರೆಸ್ಸಿಗನಾಗಿ ಕೇಳುತ್ತಿದ್ದೇನೆ ಎಂದು ಖರ್ಗೆಯವರೇ ಹೇಳಿದ್ದಾರೆ. ಆ ಮಾತನ್ನು ಗೌರವಿಸಿ ಅವರನ್ನು ಕೆಲಸದ ಮೇಲೆಯೇ ಅಳೆಯುವುದು ಸರಿ.

ಈಗ ಓಟಿನ ವಿಷಯಕ್ಕೆ ಬರೋಣ. ಆ ಸೋಮವಾರ ಓಟಿನ ಹಕ್ಕಿದ್ದವರು ದೇಶದಾದ್ಯಂತ 9 ಸಾವಿರಕ್ಕೂ ಹೆಚ್ಚು ಪ್ರದೇಶ ಕಾಂಗ್ರೆಸ್ ಪ್ರತಿನಿಧಿಗಳು. ಯಾತ್ರೆಯಲ್ಲಿದ್ದವರಿಗೆ ಬಳ್ಳಾರಿಯ ಶಿಬಿರದಲ್ಲೇ ಮತಗಟ್ಟೆ ಮಾಡಲಾಗಿತ್ತು. ಪಕ್ಷದ ಸಂವಿಧಾನದ ಪ್ರಕಾರ ಪ್ರತಿ ಬ್ಲಾಕ್ ಸಮಿತಿ ಗುಪ್ತ ಮತದಾನದ ಮೂಲಕ ಒಬ್ಬ ಪ್ರತಿನಿಧಿಯನ್ನು ಆರಿಸಬೇಕು. ಕೇಳಲು ಚೆನ್ನಾಗಿದೆ. ನಿಮ್ಮ ಬ್ಲಾಕಿನಲ್ಲಿ ಅಂಥ ಮತದಾನ ನಡೆದದ್ದು ನಿಮಗೆ ನೆನಪಿದೆಯೇ? ನಾನು ಕೇಳಿದ ಕಾರ್ಯಕರ್ತರಲ್ಲಿ ಒಬ್ಬರಿಗೂ ನೆನಪಿಲ್ಲ. ಮತದಾರರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ ಎಂದು ತರೂರ್, ಮನೀಶ್ ತಿವಾರಿ, ಕಾರ್ತಿ ಚಿದಂಬರಂ ಕೇಳಿದರು. ಚುನಾವಣಾ ಪ್ರಾಧಿಕಾರದ ಮುಖ್ಯಸ್ಥ ಮಧುಸೂದನ್ ಮಿಸ್ತ್ರಿ ಅದನ್ನು ಅಭ್ಯರ್ಥಿಗಳಿಗೂ ಪಕ್ಷದ ಕಚೇರಿಗಳಿಗೂ ಸೀಮಿತ ಮಾಡಿದರು. ತಾನು ಹೋದ ರಾಜ್ಯಗಳಲ್ಲಿ ಪಕ್ಷದ ಅಧ್ಯಕ್ಷರು ಭೇಟಿಗೇ ಸಿಗುವುದಿಲ್ಲ, ಖರ್ಗೆ ಹೋದಾಗ ಸ್ವಾಗತಕ್ಕೆ ನಿಲ್ಲುತ್ತಾರೆ ಎಂದು ತರೂರ್ ಆಗ ಬೇಸರ ಹೇಳಿಕೊಂಡಿದ್ದರು.

ನಮ್ಮೂರ ಡೇರಿಗೆ ನಿರ್ದೇಶಕರನ್ನು ಆರಿಸುವಾಗ ಹೀಗೆ ಮಾಡಿದರೆ ಜನ ಸುಮ್ಮನೆ ಬಿಡುತ್ತಾರೆಯೇ? ಷೇರುದಾರರ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಹೆಸರು ಬಿಟ್ಟುಹೋದವರು ಬಂದು ಜಗಳವಾಡಬೇಕು. ಅದೆಲ್ಲ ಆದ ಮೇಲೆಯೇ ಓಟು. ಎರಡು ಹೊತ್ತು ಹಾಲು ಹಾಕುವವರಿಗೆ ಇರುವ ಹಕ್ಕು ನಲವತ್ತು ವರ್ಷ ಬಾವುಟ ಹಿಡಿದವರಿಗೆ ಇಲ್ಲ.

ಒಂದು ಓಟಿನ ಬೆಲೆಯನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಸೋತವರ ಕಾರು ಚಾಲಕನಿಗೆ ಅವತ್ತು ಓಟು ಹಾಕಲು ಪುರುಸೊತ್ತು ಸಿಗಲಿಲ್ಲ ಎಂಬ ಕಥೆಯನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ. ಆ ಒಂದು ಓಟಿನಿಂದ ಗೆದ್ದ ಧ್ರುವನಾರಾಯಣ ಆಮೇಲೆ ಎರಡು ಸಲ ಸಂಸದರಾದರು, 2022ರಲ್ಲಿ ಕೆಪಿಸಿಸಿ ಕಾರ್ಯಾಧ್ಯಕ್ಷರಾಗಿದ್ದರು. ಒಂದು ಓಟು ಒಬ್ಬರ ಇಡೀ ರಾಜಕೀಯ ಬದುಕನ್ನು ತಿರುಗಿಸಬಲ್ಲ ಜಿಲ್ಲೆಯಲ್ಲಿ, ಪಕ್ಷದೊಳಗೆ ಮಾತ್ರ ಯಾರ ಓಟಿಗೂ ಬೆಲೆಯಿಲ್ಲ.

ಅದರ ಪರಿಣಾಮವನ್ನೂ ನಾವು ಕಂಡಿದ್ದೇವೆ. ಪಕ್ಷದೊಳಗೆ ಮಾತಿಗೆ ಜಾಗವಿಲ್ಲದಿದ್ದರೆ ಜನ ಪಕ್ಷಕ್ಕಲ್ಲ, ವ್ಯಕ್ತಿಗೆ ನಿಷ್ಠರಾಗುತ್ತಾರೆ. ಗುಂಡ್ಲುಪೇಟೆಯಲ್ಲಿ ಕೆ.ಎಸ್. ನಾಗರತ್ನಮ್ಮನವರು ಪಕ್ಷೇತರರಾಗಿಯೇ ಗೆದ್ದು ಶುರು ಮಾಡಿದವರು, 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಎಚ್.ಎಸ್. ಮಹದೇವಪ್ರಸಾದ್ 1994ರಿಂದ 2013ರವರೆಗೆ ಸತತ ಐದು ಸಲ ಗೆದ್ದರು, ಜನತಾದಳದಿಂದ ಶುರುವಾಗಿ ಕಾಂಗ್ರೆಸ್‌ವರೆಗೆ. ಪಕ್ಷ ಬದಲಾದಾಗ ಹಿಂದಿದ್ದ ಜನವೂ ಬಾವುಟ ಬದಲಿಸಿದರು. ಇದು ಅವರಿಬ್ಬರ ದೊಡ್ಡತನ. ಆದರೆ ಪಕ್ಷಗಳ ಪಾಲಿಗೆ ಇದು ಬಡತನ.

ಕಾಂಗ್ರೆಸ್ಸನ್ನು ಮಾತ್ರ ದೂರುವುದು ನ್ಯಾಯವಲ್ಲ. ಬಿಜೆಪಿಯಲ್ಲಿ ಜೆ.ಪಿ. ನಡ್ಡಾ 2020ರ ಜನವರಿಯಲ್ಲಿ ಅವಿರೋಧವಾಗಿ ಅಧ್ಯಕ್ಷರಾದರು. ಎದುರು ನಾಮಪತ್ರವೇ ಇರಲಿಲ್ಲ. ಜೆಡಿಎಸ್‌ನಲ್ಲಿ ರಾಷ್ಟ್ರೀಯ ಅಧ್ಯಕ್ಷರು ಯಾರಾಗಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಆ ಲೆಕ್ಕದಲ್ಲಿ ಕಾಂಗ್ರೆಸ್ಸಿನಲ್ಲಿ ಮತಪೆಟ್ಟಿಗೆಯಾದರೂ ಬಂದಿದೆ. ಅದೂ 22 ವರ್ಷದ ಮೇಲೆ. 2000ರಲ್ಲಿ ಸೋನಿಯಾ ಗಾಂಧಿಯವರಿಗೆ 7,448 ಮತ ಬಂದರೆ ಎದುರು ನಿಂತ ಜಿತೇಂದ್ರ ಪ್ರಸಾದರಿಗೆ 94. ಅದಕ್ಕೂ ಮೊದಲು 1997ರಲ್ಲಿ ಸೀತಾರಾಂ ಕೇಸರಿ ಶರದ್ ಪವಾರ್ ಮತ್ತು ರಾಜೇಶ್ ಪೈಲಟ್‌ರನ್ನು ಸೋಲಿಸಿದ್ದರು.

ಓಟು ಕೆಳಗಿನವರಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಸಾಮಾನ್ಯ ಮತದಾರರೇ ರಾಜ್ಯ ರಾಜ್ಯಗಳಲ್ಲಿ ಸಾಲು ನಿಂತು ಆರಿಸುತ್ತಾರೆ. 2008ರಲ್ಲಿ ಹಿಲರಿ ಕ್ಲಿಂಟನ್ ಎದುರು ಒಬಾಮ ಗೆದ್ದದ್ದು ಹಾಗೆ. ಬ್ರಿಟನ್ನಿನಲ್ಲಿ 2022ರಲ್ಲಿ ನಮ್ಮ ಕನ್ನಡದ ಅಳಿಯ ರಿಷಿ ಸುನಕ್ ಸಂಸದರ ಮತಗಳಲ್ಲಿ ಮುಂದಿದ್ದರು. ಚಂದಾ ಕಟ್ಟಿದ ಸಾಮಾನ್ಯ ಸದಸ್ಯರ ಓಟಿನಲ್ಲಿ ಲಿಜ್ ಟ್ರಸ್ 81,326 ಮತ ಪಡೆದು, 60,399 ಪಡೆದ ಸುನಕ್ ಅವರನ್ನು ಸೋಲಿಸಿದರು. ಆ ಟ್ರಸ್ ಆರು ವಾರ ತುಂಬುವ ಮೊದಲೇ ತಮ್ಮ ಹಣಕಾಸು ಸಚಿವರನ್ನು ಮನೆಗೆ ಕಳಿಸಿದರು. ಸದಸ್ಯರೂ ತಪ್ಪು ಮಾಡಬಹುದು. ಆದರೆ ತಪ್ಪು ಮಾಡಿದವರು ಯಾರೆಂದು ಅಲ್ಲಿ ಎಲ್ಲರಿಗೂ ಗೊತ್ತಿದೆ, ಮುಂದಿನ ಸಲ ತಿದ್ದಿಕೊಳ್ಳುವವರೂ ಅವರೇ.

ಓಟಿನಲ್ಲಿ ಗೆದ್ದರೂ ಅಧಿಕಾರ ಕೈಗೆ ಬರುತ್ತದೆ ಎಂಬ ಖಾತ್ರಿ ಇಲ್ಲ. 1939ರಲ್ಲಿ ಸುಭಾಷ್ ಚಂದ್ರ ಬೋಸ್ 1,580 ಮತ ಪಡೆದು ಪಟ್ಟಾಭಿ ಸೀತಾರಾಮಯ್ಯನವರನ್ನು (1,377) ಸೋಲಿಸಿದರು. ಸೋತ ಅಭ್ಯರ್ಥಿಯ ಹಿಂದೆ ಗಾಂಧೀಜಿ ಇದ್ದರು. ಕೆಲವೇ ತಿಂಗಳಲ್ಲಿ ಬೋಸ್ ರಾಜೀನಾಮೆ ಕೊಡಬೇಕಾಯಿತು. ನಮ್ಮ ನಿಜಲಿಂಗಪ್ಪನವರು 1968ರಲ್ಲಿ ಅಧ್ಯಕ್ಷರಾದರು. ಮರುವರ್ಷವೇ ಪ್ರಧಾನಿ ಇಂದಿರಾ ಗಾಂಧಿಯವರ ಜತೆ ಜಗಳವಾಗಿ ಅವರನ್ನೇ ಪಕ್ಷದಿಂದ ಉಚ್ಚಾಟಿಸಿದರು. ಕಾಂಗ್ರೆಸ್ ಎರಡಾಯಿತು, ಜನ ಇಂದಿರಾ ಅವರ ಹಿಂದೆ ಹೋದರು. ಖರ್ಗೆಯವರು ಪಕ್ಷ ಸೇರಿದ್ದು ಅದೇ 1969ರಲ್ಲಿ. ಅಧ್ಯಕ್ಷರ ಕುರ್ಚಿಯೇ ಬೇರೆ, ಅಧಿಕಾರವೇ ಬೇರೆ ಎಂಬ ಪಾಠವನ್ನು ಅವರು ಮೊದಲ ವರ್ಷವೇ ಕಣ್ಣಾರೆ ಕಂಡಿರಬೇಕು. ಬಹುಶಃ ಅದರಿಂದಲೇ ಅವರು ಇಷ್ಟು ಜಾಗರೂಕರು.

ಹಾಗಾದರೆ ನನ್ನ ತೀರ್ಪು ಏನು? ನನಗೆ ಓಟಿಲ್ಲ, ನಾನು ಯಾವ ಪಕ್ಷದ ಸದಸ್ಯನೂ ಅಲ್ಲ. ಇದ್ದಿದ್ದರೆ ಖರ್ಗೆಯವರಿಗೇ ಹಾಕುತ್ತಿದ್ದೆ. ಕನ್ನಡಿಗರೆಂಬುದು ಅದಕ್ಕೆ ಕಾರಣವಲ್ಲ. ಅಧ್ಯಕ್ಷರ ದಿನನಿತ್ಯದ ಕೆಲಸ ಭಾಷಣವಲ್ಲ. ಜಗಳ ಬಿಡಿಸುವುದು, ಟಿಕೆಟ್ ಹಂಚುವುದು, ಸಿಟ್ಟಾದವರನ್ನು ಕೂರಿಸಿ ಕೇಳುವುದು. 2023ರಲ್ಲಿ ನಮ್ಮ ವಿಧಾನಸಭಾ ಚುನಾವಣೆ ಇತ್ತು, ಸಿದ್ದರಾಮಯ್ಯ ಮತ್ತು ಶಿವಕುಮಾರ್ ನಡುವೆ ಮಾತು ಆಡಬಲ್ಲವರು ಒಬ್ಬರು ಬೇಕಿತ್ತು. 50 ವರ್ಷ ಅದನ್ನೇ ಮಾಡಿದ ಅನುಭವ ಖರ್ಗೆಯವರಿಗಿದೆ, ತರೂರ್‌ಗೆ ಇಲ್ಲ. ಮೇಲಾಗಿ ಹಳೆಯ ನಾಯಕರೆಲ್ಲ ಒಪ್ಪುವ ಮನುಷ್ಯ ಹೇಳಿದರೆ ಮಾತ್ರ ಆ ನಾಯಕರು ತಮ್ಮ ಕೈಯಲ್ಲಿರುವುದನ್ನು ಬಿಟ್ಟುಕೊಟ್ಟಾರು. ತರೂರ್ ಗೆದ್ದು ಅದೇ ಮಾತು ಹೇಳಿದರೆ ಬೋಸ್ ಅವರಿಗೆ ಆದದ್ದೇ ಆಗುವ ಸಂಭವ ಹೆಚ್ಚು.

ಆದರೆ ತರೂರ್ ನಿಲ್ಲದೇ ಹೋಗಿದ್ದರೆ ಈ ಯಾವ ಮಾತೂ ನಡೆಯುತ್ತಿರಲಿಲ್ಲ. ಖರ್ಗೆ ಅವಿರೋಧ ಆಯ್ಕೆ, ಹಾರ, ಪಟಾಕಿ, ಅಷ್ಟೇ. ಸೋಲುತ್ತೇನೆಂದು ಗೊತ್ತಿದ್ದೂ ನಿಂತು, ಓಟುದಾರರು ಯಾರು ಎಂದು ಕೇಳಿದ್ದಕ್ಕೆ ತರೂರ್‌ಗೆ ಕೃತಜ್ಞರಾಗಿರಬೇಕು. ಅವರಿಗೆ ಬೀಳುವ ಓಟುಗಳನ್ನು ಬಂಡಾಯ ಎಂದು ಲೆಕ್ಕ ಹಾಕಿ ಸೇಡು ತೀರಿಸಿಕೊಂಡರೆ, ಗೆದ್ದವರು ಗೆದ್ದೂ ಸೋತಂತೆ.

ಗೆದ್ದ ಮೇಲೆ ಖರ್ಗೆಯವರು ಮಾಡಬಹುದಾದ ಕೆಲಸ ಮೂರು. ಪ್ರತಿನಿಧಿಗಳ ಪಟ್ಟಿಯನ್ನು ಪ್ರತಿ ಬ್ಲಾಕ್ ಕಚೇರಿಯ ಗೋಡೆಗೆ ಅಂಟಿಸಬೇಕು, ಡೇರಿಯ ಪಟ್ಟಿಯ ಹಾಗೆ. ಮುಂದಿನ ಸಲ ಬ್ಲಾಕ್ ಪ್ರತಿನಿಧಿಯನ್ನು ಸದಸ್ಯತ್ವದ ಹಣ ಕೊಟ್ಟ ಸದಸ್ಯರೇ ಓಟು ಹಾಕಿ ಆರಿಸಬೇಕು. ಕಾರ್ಯಕಾರಿ ಸಮಿತಿಗೆ, ಅಂದರೆ ಸಿಡಬ್ಲ್ಯುಸಿಗೆ, 1997ರ ನಂತರ ನಿಂತೇಹೋಗಿರುವ ಚುನಾವಣೆಯನ್ನು ಮತ್ತೆ ನಡೆಸಬೇಕು. ಯಾವುದಕ್ಕೂ ಹೊಸ ನಿಯಮ ಬೇಕಿಲ್ಲ, ಹೆಚ್ಚಿನದೆಲ್ಲ ಪಕ್ಷದ ಸಂವಿಧಾನದಲ್ಲೇ ಇದೆ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಇದೇ ಪಕ್ಷದ ಅಧ್ಯಕ್ಷರಾಗಿದ್ದರು. 2024ರಲ್ಲಿ ಅದಕ್ಕೆ ನೂರು ತುಂಬಿತು. ಅಷ್ಟರೊಳಗೆ ಮೂರರಲ್ಲಿ ಒಂದಾದರೂ ಆಗಲಿ ಎಂಬುದು ನನ್ನ ಆಸೆಯಾಗಿತ್ತು.

19ನೇ ತಾರೀಕು ನಮ್ಮ ಕಡೆಯೂ ಪಟಾಕಿ ಹೊಡೆಯುತ್ತಾರೆ. ಹೊಡೆಯಲಿ. ಟೀ ಅಂಗಡಿಯ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: ಅವತ್ತು ಸಿಹಿ ಹಂಚಲು ಬರುವ ಬ್ಲಾಕ್ ಅಧ್ಯಕ್ಷರನ್ನು ನಿಲ್ಲಿಸಿ, ‘ನಮ್ಮ ಬ್ಲಾಕಿನಿಂದ ಓಟು ಹಾಕಿದವರು ಯಾರು, ಅವರನ್ನು ಆರಿಸಿದವರು ಯಾರು?’ ಎಂದು ಕೇಳಿ. ಅವರು ನಕ್ಕು, ‘ಕೇಳ್ತೀನಿ ಬುಡು ಮಗ’ ಅಂದರು. ಕೇಳಿದರೆ, ಸಿಕ್ಕ ಉತ್ತರವನ್ನು ಇಲ್ಲೇ ಬರೆಯುತ್ತೇನೆ.